ಎಂಜಿನ್ ಎಲ್ಲಿ ಕೂರಿಸೋಣ?

1896ರ ಜೂನ್ 1. ಅಮೆರಿಕದ ಬಾಸ್ಟನ್ ನಗರಕ್ಕೆ ಅಂಟಿಕೊಂಡಿರುವ ಕೇಂಬ್ರಿಜ್‌ನಲ್ಲಿ, ಚಾರ್ಲ್ಸ್ ನದಿಯ ಪಕ್ಕದ ಸೈಕಲ್ ರೇಸ್ ಟ್ರ್ಯಾಕಿಗೆ 72 ವರ್ಷದ ಸಿಲ್ವೆಸ್ಟರ್ ರೋಪರ್ ತಮ್ಮ ಗಾಡಿಯೊಂದಿಗೆ ಬಂದರು. ಫ್ರೇಮು ಕೊಲಂಬಿಯಾ ಸೈಕಲ್ಲಿನದು, ಎಲ್ಲರ ಬಳಿಯೂ ಇದ್ದಂಥದ್ದು. ಆದರೆ ಎರಡು ಚಕ್ರಗಳ ನಡುವೆ ಒಂದು ಪುಟ್ಟ ಬಾಯ್ಲರ್ ತೂಗುತ್ತಿತ್ತು, ಅದರಡಿ ಕಲ್ಲಿದ್ದಲು ನಿಗಿನಿಗಿ ಉರಿಯುತ್ತಿತ್ತು. ಅಲ್ಲಿದ್ದ ಪಳಗಿದ ಸೈಕಲ್ ರೇಸುಗಾರರನ್ನು ಈ ಮುದುಕ ಆರಾಮಾಗಿ ಹಿಂದೆ ಹಾಕಿದರು. ಒಂದು ಮೈಲಿಯನ್ನು ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಸಿ, ಹುರುಪೇರಿ ಇನ್ನಷ್ಟು ಹಬೆ ಬಿಟ್ಟರು. ಮುಂದಿನ ಚಕ್ರ ಓಲಾಡಿತು, ರೋಪರ್ ಉರುಳಿದರು, ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ಬಿದ್ದದ್ದರಿಂದ ಹೃದಯ ನಿಂತಿತೋ, ಹೃದಯ ನಿಂತದ್ದರಿಂದ ಬಿದ್ದರೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ರೋಪರ್ ಅವರಿಗೆ ಈ ಹುಚ್ಚು ಹೊಸದೇನಲ್ಲ. 1860ರ ದಶಕದ ಕೊನೆಯಲ್ಲೇ ಮರದ ಚಕ್ರದ ಸೈಕಲ್ಲಿಗೆ ಹಬೆ ಎಂಜಿನ್ ಕಟ್ಟಿ ಓಡಿಸಿದವರು ಅವರು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಗಿಯೋಮ್ ಪೆರೋ ಎಂಬಾತ ಮಿಶೋ ಕಂಪನಿಯ ಸೈಕಲ್ಲಿಗೆ ಸೀಟಿನಡಿಯೇ ಹಬೆ ಎಂಜಿನ್ ಕೂರಿಸಿದ್ದ. 1885ರಲ್ಲಿ ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಕ್ ಪೆಟ್ರೋಲ್ ಎಂಜಿನ್ನನ್ನು ಮರದ ಚೌಕಟ್ಟಿನೊಳಗೆ ನಿಲ್ಲಿಸಿದರು. ಗಾಡಿ ವಾಲದಿರಲೆಂದು ಅಕ್ಕಪಕ್ಕ ಎರಡು ಪುಟಾಣಿ ಚಕ್ರ ಬೇರೆ. ಅದರ ಮೊದಲ ಸವಾರಿಯಲ್ಲಿ ಎಂಜಿನ್ ಕಾವಿಗೆ ಸೀಟಿಗೇ ಬೆಂಕಿ ತಗುಲಿತು ಎಂಬ ಕಥೆ ಪ್ರಸಿದ್ಧ.

ಹೀಗೆ ಎಂಜಿನ್ ಮಾಡುವ ಕಷ್ಟ ಒಂದಾದರೆ, ಮಾಡಿದ ಎಂಜಿನ್ನನ್ನು ಸೈಕಲ್ಲಿನಲ್ಲಿ ಎಲ್ಲಿಡುವುದು ಎಂಬುದು ಬೇರೆಯದೇ ಕಷ್ಟವಾಗಿತ್ತು. ಎರಡೇ ಕೋಣೆಯ ಮನೆಗೆ ನೆಂಟನೊಬ್ಬ ಹಾಸಿಗೆ ಸಮೇತ ಬಂದಿಳಿದ ಹಾಗೆ. ಸೈಕಲ್ಲಿನಲ್ಲಿ ಕಾಲಿಗೆ ಜಾಗ ಬೇಕು, ಪೆಡಲ್ ತಿರುಗಬೇಕು, ಹ್ಯಾಂಡಲ್ ಹೊರಳಬೇಕು, ಚೈನು ಓಡಬೇಕು. ಖಾಲಿ ಕಾಣುವ ಜಾಗವೆಲ್ಲ ಯಾವುದೋ ಒಂದು ಚಲನೆಗೆ ಮೀಸಲು. ಎಂಜಿನ್ ಸೈಕಲ್ಲಿನ ಒಂದೂವರೆ ಶತಮಾನದ ಕಥೆಯಲ್ಲಿ ಅರ್ಧ ಪಾಲು ಈ ನೆಂಟನನ್ನು ಎಲ್ಲಿ ಮಲಗಿಸಬೇಕು ಎಂಬ ಜಗಳವೇ. ಇಂದು ಗ್ಯಾರೇಜುಗಳಲ್ಲಿ ಕೂತು ಹಳೇ ಚೆಹರೆಯ ಎಂಜಿನ್ ಸೈಕಲ್ ಕಟ್ಟುವ ಹವ್ಯಾಸಿಗಳು ಎದುರಿಸುವುದೂ ಇದನ್ನೇ.

ಎಂಜಿನ್ ಗಾಡಿ ಸೈಕಲ್ ಅಂಗಡಿಗಳಲ್ಲೇ ಹುಟ್ಟಿದ್ದಕ್ಕೂ ಕಾರಣವಿದೆ. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಯವರ ರೋವರ್ ಬಂತು: ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನು. ಮೂರು ವರ್ಷಗಳಲ್ಲಿ ಡನ್‌ಲಪ್ ಅವರ ಗಾಳಿ ತುಂಬುವ ಟೈರು ಬಂತು. 1890ರ ದಶಕದಲ್ಲಿ ಅಮೆರಿಕದಲ್ಲೂ ಯುರೋಪಿನಲ್ಲೂ ಸೈಕಲ್ಲಿನ ಹುಚ್ಚು ಹಬ್ಬಿತು, ಊರೂರಿಗೂ ಕಾರ್ಖಾನೆಗಳೆದ್ದವು. ದಶಕ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಮಾರುಕಟ್ಟೆ ಕುಸಿಯಿತು. ಪೈಪು ಬಾಗಿಸುವ, ಹಿತ್ತಾಳೆ ಬೆಸುಗೆ ಹಾಕುವ, ಬಾಲ್ ಬೇರಿಂಗ್ ಕೂರಿಸುವ ಕೈಗಳು ಸಾವಿರಗಟ್ಟಲೆ ಖಾಲಿ ಕೂತವು. ಇತ್ತ ಫ್ರಾನ್ಸಿನ ಡಿ ದಿಯೋನ್ ಬುಟಾನ್ ಕಂಪನಿ ಹಗುರವಾದ, ಬಿರುಸಾಗಿ ತಿರುಗುವ ಪೆಟ್ರೋಲ್ ಎಂಜಿನ್ ತಂದಿತ್ತು. ಅದನ್ನು ಕೊಂಡವರಿಗಿಂತ ನಕಲು ಮಾಡಿದವರೇ ಜಾಸ್ತಿ. ಕೆಲಸವಿಲ್ಲದ ಸೈಕಲ್ ಕಾರ್ಖಾನೆಗಳ ಕೈಗೆ ಹೊಸ ಆಟಿಕೆ ಸಿಕ್ಕಿತು.

ಮೊದಲು ಗಟ್ಟಿಯಾಗಿ ಹೆಸರು ಮಾಡಿದವರು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ರಷ್ಯಾ ಮೂಲದ ಮಿಶೆಲ್ ಮತ್ತು ಯೂಜೀನ್ ವರ್ನರ್ ಸಹೋದರರು. 1897ರ ಅವರ 'ಮೋಟೊಸಿಕ್ಲೆಟ್'ನಲ್ಲಿ ಎಂಜಿನ್ ಕೂತಿದ್ದು ಹ್ಯಾಂಡಲ್ ಮುಂದೆ, ಮುಂದಿನ ಚಕ್ರದ ನೆತ್ತಿಯ ಮೇಲೆ. ಅಲ್ಲಿಂದ ಹೊಸೆದ ಚರ್ಮದ ಬೆಲ್ಟು ಮುಂದಿನ ಚಕ್ರವನ್ನೇ ತಿರುಗಿಸುತ್ತಿತ್ತು. ಕಾಲಿಗೆ ಅಡ್ಡಿಯಿಲ್ಲ, ಚೈನಿಗೆ ಅಡ್ಡಿಯಿಲ್ಲ, ನೋಡಲೂ ಸರಳ. ಆದರೆ ಭಾರವೆಲ್ಲ ಎತ್ತರದಲ್ಲಿ, ಅದೂ ಹೊರಳುವ ಜಾಗದಲ್ಲಿ. ಒದ್ದೆ ರಸ್ತೆಯಲ್ಲಿ ಚಕ್ರ ಜಾರಿದರೆ ಸವಾರ ನೆಲಕ್ಕೆ. ಮೊದಲ ಗಾಡಿಗಳಲ್ಲಿ ಇಂಧನ ಹೊತ್ತಿಸಲು ಉರಿಯುವ ಬರ್ನರ್ ಇದ್ದುದರಿಂದ, ಬಿದ್ದ ಗಾಡಿ ಹೊತ್ತಿಕೊಳ್ಳುವ ಸೌಭಾಗ್ಯವೂ ಸವಾರನದೇ.

ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಕಂಪನಿ, ಅಂದರೆ ಇಂದು ಚೆನ್ನೈನಲ್ಲಿ ಬುಲೆಟ್ ತಯಾರಿಸುವ ಅದೇ ಹೆಸರು, 1901ರಲ್ಲಿ ತನ್ನ ಮೊದಲ ಎಂಜಿನ್ ಸೈಕಲ್ ಮಾಡಿದಾಗ ಈ ಜಾರುವ ರೋಗಕ್ಕೆ ಮದ್ದು ಹುಡುಕಿತು. ಕಂಪನಿಯ ಬಾಬ್ ವಾಕರ್ ಸ್ಮಿತ್ ಮತ್ತು ಫ್ರೆಂಚ್ ಎಂಜಿನಿಯರ್ ಜೂಲ್ಸ್ ಗೊಬಿಯೆ ಎಂಜಿನ್ನನ್ನು ಹ್ಯಾಂಡಲ್ ಮುಂದೆಯೇ ಇಟ್ಟರು. ಆದರೆ ಉದ್ದನೆಯ ಚರ್ಮದ ಬೆಲ್ಟನ್ನು ಇಂಗ್ಲಿಷ್ ಎಂಟರ ಅಂಕಿಯಂತೆ ನಡುವೆ ಅಡ್ಡ ಹಾಯಿಸಿ ಹಿಂದಿನ ಚಕ್ರಕ್ಕೆ ಒಯ್ದರು. ಎಂಜಿನ್ ಕೇಸಿನ ಜೋಡಣೆಯನ್ನು ಅಡ್ಡಕ್ಕೆ ಮಾಡಿ ಎಣ್ಣೆ ಮುಂದಿನ ಟೈರಿನ ಮೇಲೆ ತೊಟ್ಟಿಕ್ಕದಂತೆ ನೋಡಿಕೊಂಡರು. ಹತ್ತು ಹದಿನೈದು ಮೈಲಿಗೊಮ್ಮೆ ಸವಾರ ಕೈಪಂಪು ಒತ್ತಿ ಎಂಜಿನ್ನಿಗೆ ಎಣ್ಣೆ ಕುಡಿಸಬೇಕಿತ್ತು. ಅರ್ಧ ಬುದ್ಧಿವಂತಿಕೆ, ಅರ್ಧ ಮೊಂಡುತನ ಎನ್ನಬಹುದಾದ ಗಾಡಿ.

ಬೆಲ್ಜಿಯಂನ ಮಿನರ್ವಾ ಕಂಪನಿ ಎಂಜಿನ್ನನ್ನು ಫ್ರೇಮಿನ ಓರೆ ಪೈಪಿಗೆ ಕ್ಲಿಪ್ ಹಾಕಿ ತೂಗಿಬಿಟ್ಟಿತು. ಎಂಜಿನ್ ಬಿಡಿಯಾಗಿ ಸಿಗುತ್ತಿತ್ತು, ಸೈಕಲ್ ನಿಮ್ಮದೇ. ಇಂಗ್ಲೆಂಡಿನ ಟ್ರಯಂಫ್ ಕಂಪನಿ 1902ರಲ್ಲಿ ತನ್ನ ಮೊದಲ ಗಾಡಿ ಹೊರತಂದದ್ದು ಇದೇ ಮಿನರ್ವಾ ಎಂಜಿನ್ ಕಟ್ಟಿ. ಆದರೆ ಜಗಳಕ್ಕೆ ತೀರ್ಪು ಬಂದದ್ದು ಮತ್ತೆ ವರ್ನರ್ ಅಣ್ಣತಮ್ಮಂದಿರಿಂದಲೇ. 1901ರಲ್ಲಿ ಅವರು ಎಂಜಿನ್ನನ್ನು ಇಳಿಸಿ ಫ್ರೇಮಿನ ತಳದಲ್ಲಿ, ಪೆಡಲ್ ಆಕ್ಸಲ್ಲಿನ ಬಳಿ, ಎರಡು ಚಕ್ರಗಳ ನಟ್ಟನಡುವೆ ನೇರ ನಿಲ್ಲಿಸಿದರು. ಭಾರ ತಗ್ಗಿನಲ್ಲಿ, ನಡುವಿನಲ್ಲಿ. ಇಂದು ರಸ್ತೆಯ ಮೇಲೆ ಓಡುವ ಬಹುಪಾಲು ಬೈಕುಗಳ ಎಂಜಿನ್ ಇರುವುದು ಅಲ್ಲೇ.

ಅಟ್ಲಾಂಟಿಕ್ಕಿನ ಆಚೆ ಇನ್ನೊಂದು ಉತ್ತರ ತಯಾರಾಗುತ್ತಿತ್ತು. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ಜಾರ್ಜ್ ಹೆಂಡಿ ಒಂದು ಕಾಲದ ಸೈಕಲ್ ಚಾಂಪಿಯನ್, ಆಮೇಲೆ ಸೈಕಲ್ ತಯಾರಕ. ಸೈಕಲ್ ರೇಸುಗಳಲ್ಲಿ ಸ್ಪರ್ಧಿಗಳ ಮುಂದೆ ಗಾಳಿ ಸೀಳಿ ಓಡಲು ಎಂಜಿನ್ ಕಟ್ಟಿದ ಜೋಡಿ ಸೀಟಿನ ಸೈಕಲ್ ಬಳಸುವ ರೂಢಿ ಆಗ ಇತ್ತು. ಅವುಗಳಲ್ಲಿ ಹೆಚ್ಚಿನವು ನಡುದಾರಿಯಲ್ಲಿ ಕೈಕೊಡುತ್ತಿದ್ದವು. ಸ್ವೀಡನ್ ಮೂಲದ ಆಸ್ಕರ್ ಹೆಡ್‌ಸ್ಟ್ರಾಮ್ ಕಟ್ಟಿದವು ಕೈಕೊಡುತ್ತಿರಲಿಲ್ಲ. ಹೆಂಡಿ ಆತನನ್ನು ಹಿಡಿದು, ಜನಸಾಮಾನ್ಯರು ಓಡಿಸುವಂಥದ್ದೊಂದು ಮಾಡಿಕೊಡು ಎಂದು 1901ರ ಆರಂಭದಲ್ಲಿ ಕೆಲಸ ಒಪ್ಪಿಸಿದ. ಮೇ ತಿಂಗಳಲ್ಲಿ ಗಾಡಿ ತಯಾರು. ಇದೇ 'ಇಂಡಿಯನ್'.

ಹೆಡ್‌ಸ್ಟ್ರಾಮ್ ಮಾಡಿದ ಚಮತ್ಕಾರವನ್ನು ಹತ್ತಿರ ನಿಂತು ನೋಡಬೇಕು. ಸೈಕಲ್ಲಿನಲ್ಲಿ ಸೀಟಿನಿಂದ ಪೆಡಲ್‌ವರೆಗೆ ಇಳಿಯುವ ಪೈಪೊಂದಿರುತ್ತದಲ್ಲ, ಅದರ ಕೆಳಭಾಗವನ್ನು ತೆಗೆದು ಅಲ್ಲಿ ಸಿಲಿಂಡರನ್ನೇ ಹಿಂದಕ್ಕೆ ವಾಲಿಸಿ ಕೂರಿಸಿದ. ಎಂಜಿನ್ ಸೈಕಲ್ಲಿಗೆ ಹೊರೆಯಾಗಿ ಉಳಿಯದೆ ಫ್ರೇಮಿನದೇ ಒಂದು ಎಲುಬಾಯಿತು. ಜಾರುವ ಚರ್ಮದ ಬೆಲ್ಟಿನ ಬದಲು ಚೈನು ಹಾಕಿದ. ಪೆಟ್ರೋಲ್ ಟ್ಯಾಂಕನ್ನು ಹಿಂದಿನ ಮಡ್‌ಗಾರ್ಡಿನ ಮೇಲೆ ಬಾಗಿಸಿ ಹೊದಿಸಿದ. ಆ ಡುಬ್ಬದಿಂದಾಗಿ ಇವಕ್ಕೆ 'ಒಂಟೆಬೆನ್ನು' ಎಂಬ ಅಡ್ಡಹೆಸರು ಬಿತ್ತು. ಸ್ಪ್ರಿಂಗ್‌ಫೀಲ್ಡ್‌ನ ಕಡಿದಾದ ದಿಬ್ಬವೊಂದನ್ನು ಪೆಡಲ್ ತುಳಿಯದೆ ಹತ್ತಿ ತೋರಿಸಿದ ಮೇಲೆ ದುಡ್ಡು ಹಾಕುವವರು ತಾವಾಗಿಯೇ ಬಂದರು. ಹತ್ತೇ ವರ್ಷದಲ್ಲಿ, 1911ರ ಐಲ್ ಆಫ್ ಮ್ಯಾನ್ ಸೀನಿಯರ್ ರೇಸಿನಲ್ಲಿ, ಮೊದಲ ಮೂರೂ ಸ್ಥಾನ ಇಂಡಿಯನ್ ಪಾಲಾದವು.

ದಿಬ್ಬ ಎಲ್ಲರಿಗೂ ಒಲಿಯಲಿಲ್ಲ. ಮಿಲ್ವಾಕಿಯ ವಿಲಿಯಂ ಹಾರ್ಲಿ 1901ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಸೈಕಲ್ಲಿಗೆ ಕೂರುವ 116 ಸಿ.ಸಿ.ಯ ಎಂಜಿನ್ನಿನ ನಕ್ಷೆ ಬರೆದ. ಗೆಳೆಯ ಆರ್ಥರ್ ಡೇವಿಡ್‌ಸನ್ ಜತೆ ಸೇರಿ ಅದನ್ನು ಕಟ್ಟಲು 1903 ಬಂತು. ಓಡಿಸಿ ನೋಡಿದರೆ, ಮಿಲ್ವಾಕಿಯ ಸಣ್ಣ ಏರು ಸಿಕ್ಕರೂ ಪೆಡಲ್‌ಗೆ ಶರಣಾಗಬೇಕು! ಇಬ್ಬರೂ ಆ ಗಾಡಿಯನ್ನು ಕಲಿತ ಪಾಠವೆಂದು ಬದಿಗಿಟ್ಟು, 405 ಸಿ.ಸಿ.ಯ ದೊಡ್ಡ ಎಂಜಿನ್ನಿಗೆ ಕೈಹಾಕಿದರು. ಈ ಎಂಜಿನ್ ಸೈಕಲ್ಲಿನ ಫ್ರೇಮಿಗೆ ಒಗ್ಗುವಂತಿರಲಿಲ್ಲ. ಹಾಗಾಗಿ ಎಂಜಿನ್ನನ್ನು ಕೆಳಗಿನಿಂದ ಬಳಸಿ ಬರುವ ಹೊಸ ಬಗೆಯ ಫ್ರೇಮು ಮಾಡಬೇಕಾಯಿತು. ಜಾಗದ ಜಗಳ ಇಲ್ಲಿಗೆ ಒಂದು ರೀತಿಯಲ್ಲಿ ಮುಗಿಯಿತು: ಎಂಜಿನ್ನಿಗೆ ತಕ್ಕಂತೆ ಗಾಡಿಯನ್ನೇ ಬದಲಿಸುವುದು. ಮೋಟಾರ್‌ಬೈಕು ಸೈಕಲ್ಲಿನ ಮನೆ ಬಿಟ್ಟು ಬೇರೆ ಹೂಡಿದ್ದು ಹೀಗೆ. ಪೆಡಲ್ ಮಾತ್ರ ಇನ್ನೂ ಕೆಲವು ವರ್ಷ ಅಭ್ಯಾಸಬಲದಿಂದ ಅಂಟಿಕೊಂಡಿತ್ತು.

ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟ್‌ನ ಸೈಕಲ್ ಅಂಗಡಿಯವನ ಹೆಸರನ್ನೂ ಇಲ್ಲಿ ಹೇಳದಿದ್ದರೆ ತಪ್ಪಾದೀತು. ಗ್ಲೆನ್ ಕರ್ಟಿಸ್ ತನ್ನ ಮೊದಲ ಎಂಜಿನ್ ಸೈಕಲ್ಲಿಗೆ ಟೊಮೆಟೊ ಡಬ್ಬಿಯಿಂದ ಕಾರ್ಬ್ಯುರೇಟರ್ ಮಾಡಿಕೊಂಡಿದ್ದ. ಅದೇ ಮನುಷ್ಯ 1907ರ ಜನವರಿಯಲ್ಲಿ ಫ್ಲಾರಿಡಾದ ಆರ್ಮಂಡ್ ಬೀಚಿನ ಮರಳಿನ ಮೇಲೆ ಎಂಟು ಸಿಲಿಂಡರಿನ ಗಾಡಿಯೊಂದನ್ನು ಗಂಟೆಗೆ 136 ಮೈಲಿ ವೇಗದಲ್ಲಿ ಓಡಿಸಿದ. ಆಮೇಲೆ ವಿಮಾನದ ಕಡೆ ಹೋದ. ರೈಟ್ ಸಹೋದರರೂ ಸೈಕಲ್ ಅಂಗಡಿಯವರೇ ಅಲ್ಲವೇ. ಆ ಕಾಲದ ಸೈಕಲ್ ಅಂಗಡಿಯ ಮೇಜಿನ ಮೇಲೆ ಏನೇನು ಹುಟ್ಟಿತು ಎಂದು ಲೆಕ್ಕ ಹಾಕಹೊರಟರೆ ಇನ್ನೊಂದು ಲೇಖನವೇ ಬೇಕು.

ಇಂದಿನ ಹವ್ಯಾಸಿಗಳು ಅತಿ ಹೆಚ್ಚು ಅನುಕರಿಸುವುದು 1910ರ ದಶಕದ ಚೆಹರೆಯನ್ನು, ಅದರಲ್ಲೂ ಹಲಗೆ ಟ್ರ್ಯಾಕಿನ ರೇಸ್ ಗಾಡಿಗಳನ್ನು. 1910ರಲ್ಲಿ ಲಾಸ್ ಏಂಜಲಿಸ್ ಬಳಿಯ ಪ್ಲಾಯಾ ಡೆಲ್ ರೇಯಲ್ಲಿ ಜಾಕ್ ಪ್ರಿನ್ಸ್ ಎಂಬ ಹಳೇ ಸೈಕಲ್ ರೇಸುಗಾರ ಒಂದು ಮೈಲಿ ಸುತ್ತಳತೆಯ ಮರದ ಟ್ರ್ಯಾಕ್ ಕಟ್ಟಿಸಿದ. ಸೈಕಲ್ ರೇಸಿಗೆ ಹಲಗೆಯ ಟ್ರ್ಯಾಕ್ ಮಾಡಿ ಅನುಭವವಿದ್ದವನು, ಅದನ್ನೇ ಹಿಗ್ಗಿಸಿದ. ನಂತರ ಬಂದ ಚಿಕ್ಕ ಟ್ರ್ಯಾಕುಗಳಲ್ಲಿ ತಿರುವಿನ ಇಳಿಜಾರು 60 ಡಿಗ್ರಿಯವರೆಗೂ ಹೋಯಿತು; ಬಹುತೇಕ ಗೋಡೆಯೇ. ಅದರ ಮೇಲೆ ಓಡುತ್ತಿದ್ದ ಗಾಡಿಗಳಿಗೆ ಬ್ರೇಕಿಲ್ಲ, ಕ್ಲಚ್ಚಿಲ್ಲ. ವೇಗ ತಗ್ಗಿಸಬೇಕೆಂದರೆ ಕಿಡಿ ಕತ್ತರಿಸುವ ಗುಂಡಿ ಒತ್ತಬೇಕು, ಅಷ್ಟೇ. ಎಂಜಿನ್ ಕುಡಿದ ಎಣ್ಣೆಯನ್ನೆಲ್ಲ ಹೊರಗೆ ಉಗುಳುತ್ತಿತ್ತು. ಆ ಎಣ್ಣೆ ಹಲಗೆಯ ಮೇಲೆ, ಹಿಂದೆ ಬರುವವನ ಕನ್ನಡಕದ ಮೇಲೆ. ಬಿದ್ದವರ ಮೈಯಿಂದ ಮರದ ಸಿಬಿರುಗಳನ್ನು ಕೀಳುವುದೇ ವೈದ್ಯರಿಗೆ ಕೆಲಸ.

1912ರ ಸೆಪ್ಟೆಂಬರ್ 8ರಂದು ನ್ಯೂವಾರ್ಕ್‌ನ ಟ್ರ್ಯಾಕಿನಲ್ಲಿ ಎಡ್ಡಿ ಹಾಷಾ ಎಂಬ ಸವಾರನ ಗಾಡಿ ಹಿಡಿತ ತಪ್ಪಿ ಮೇಲಂಚಿನ ಕಟಕಟೆಗೆ ನುಗ್ಗಿತು. ಅಲ್ಲಿಂದ ಬಗ್ಗಿ ನೋಡುತ್ತಿದ್ದ ಪ್ರೇಕ್ಷಕರಲ್ಲಿ ಹಲವರು ಸತ್ತರು, ಹಾಷಾ ಸತ್ತ, ಉರುಳಿ ಬಂದ ಗಾಡಿಗೆ ಸಿಕ್ಕಿ ಇನ್ನೊಬ್ಬ ಸವಾರನೂ ಸತ್ತ. ಪತ್ರಿಕೆಗಳು ಇಂಥ ಟ್ರ್ಯಾಕುಗಳನ್ನು ಕೊಲೆಯ ಅಖಾಡವೆಂದು ಕರೆದವು. 1920ರ ದಶಕ ಮುಗಿಯುವ ವೇಳೆಗೆ ಹಲಗೆಗಳು ಕೊಳೆತು, ಖರ್ಚು ಗಿಟ್ಟದೆ, ಆಟವೇ ನಿಂತಿತು. ಈಗ ಜನ ಮೆಚ್ಚಿ ಮೆಚ್ಚಿ ನಕಲು ಮಾಡುವ ಆ ತಗ್ಗಿದ ಹ್ಯಾಂಡಲ್, ಉದ್ದನೆಯ ಬಡಕಲು ಫ್ರೇಮು, ಎರಡು ಪೈಪುಗಳ ನಡುವೆ ಜೋತುಬಿದ್ದ ತೆಳು ಟ್ಯಾಂಕು, ಇವೆಲ್ಲ ಆ ಅಖಾಡದ ಉಡುಪು. ಟೈರಿನ ಬೆಳ್ಳನೆ ಬಣ್ಣವೂ ಅಷ್ಟೆ. ಅಂದಿನ ರಬ್ಬರಿಗೆ ಇನ್ನೂ ಕಾರ್ಬನ್ ಕಪ್ಪು ಬೆರೆಸುತ್ತಿರಲಿಲ್ಲ, ಹಾಗಾಗಿ ಟೈರು ಬಿಳಿಚಿಕೊಂಡಿರುತ್ತಿತ್ತು, ಬೇಗ ಸವೆಯುತ್ತಿತ್ತು. ಇಂದು ಅದೇ ಕೆನೆಬಣ್ಣಕ್ಕೆ ಹೆಚ್ಚು ಕಾಸು ಕೊಡಬೇಕು.

ಮೋಟಾರ್‌ಬೈಕು ಬೇರೆ ಹೋದ ಮೇಲೆ ಸೈಕಲ್ಲು ಅದನ್ನು ನೋಡಿ ಆಸೆಪಟ್ಟ ಪ್ರಸಂಗವೊಂದಿದೆ. ಶಿಕಾಗೋದ ಇಗ್ನಾಜ್ ಶ್ವಿನ್ ಸೈಕಲ್ ಜತೆ ಎಕ್ಸೆಲ್ಸಿಯರ್, ಹೆಂಡರ್‌ಸನ್ ಎಂಬ ಮೋಟಾರ್‌ಬೈಕು ಕಂಪನಿಗಳನ್ನೂ ಕೊಂಡಿದ್ದರು. ಮಹಾ ಆರ್ಥಿಕ ಕುಸಿತದಲ್ಲಿ, 1931ರಲ್ಲಿ, ಬೈಕು ತಯಾರಿಕೆಗೆ ಬಾಗಿಲು ಹಾಕಿದರು. ಎರಡೇ ವರ್ಷದಲ್ಲಿ ಅವರ ಕಾರ್ಖಾನೆಯಿಂದ ದಪ್ಪ ಬಲೂನ್ ಟೈರಿನ ಸೈಕಲ್ ಹೊರಬಂತು. ಮಕ್ಕಳನ್ನು ಮರುಳು ಮಾಡಲು ಫ್ರೇಮಿನ ನಡುವೆ ಬೈಕಿನ ಟ್ಯಾಂಕಿನಂಥದ್ದೇ ಒಂದು ತಗಡಿನ ಡಬ್ಬ. ಪೆಟ್ರೋಲ್ ಇಲ್ಲ, ಒಳಗೆ ಹಾರ್ನಿನ ಬ್ಯಾಟರಿಗೆ ಜಾಗ, ಅಷ್ಟೆ. ಮುಚ್ಚಿಹೋದ ವ್ಯಾಪಾರದ ವೇಷವನ್ನು ಹೊಸ ಸರಕಿಗೆ ತೊಡಿಸಿ ಗೆದ್ದ ಶ್ವಿನ್ ಜಾಣತನವನ್ನು ಮೆಚ್ಚಲೇಬೇಕು.

ಆ ಸುಳ್ಳು ಬೈಕನ್ನು ನಿಜ ಮಾಡಿದ್ದು 'ವಿಜ಼ರ್'. ಲಾಸ್ ಏಂಜಲಿಸ್‌ನಲ್ಲಿ ವಿಮಾನದ ಬಿಡಿಭಾಗ ಮಾಡುತ್ತಿದ್ದ ಬ್ರೀನ್ ಟೇಲರ್ ಕಂಪನಿ 1939ರಲ್ಲಿ ದಪ್ಪ ಟೈರಿನ ಯಾವ ಸೈಕಲ್ಲಿಗೂ ಕಟ್ಟಬಹುದಾದ ಎಂಜಿನ್ ಕಿಟ್ ಹೊರತಂದಿತು. ಬೆಲೆ 55 ಡಾಲರಿಗೆ ಐದು ಸೆಂಟ್ ಕಡಿಮೆ. ಮೊದಲಿಗೆ ಎಂಜಿನ್ನಿನ ಉರುಳೆ ಟೈರನ್ನೇ ಉಜ್ಜಿ ತಿರುಗಿಸುತ್ತಿತ್ತು. ಮಳೆ ಬಂದರೆ ಜಾರುತ್ತಿತ್ತು. ಆಮೇಲೆ ಬೆಲ್ಟು ಬಂತು. ಹಿಂದಿನ ಚಕ್ರದ ಕಡ್ಡಿಗಳಿಗೆ ದೊಡ್ಡ ಪುಲ್ಲಿಯನ್ನು ಕ್ಲಿಪ್ ಹಾಕಿ ಬಿಗಿದರು. ಕಂಪನಿ ಕೈ ಬದಲಾದದ್ದು 1942ರಲ್ಲಿ, ನಡು ಯುದ್ಧದಲ್ಲಿ. ಪೆಟ್ರೋಲಿಗೆ ರೇಷನ್ ಇದ್ದ ಕಾಲ. ಯುದ್ಧ ಸಾಮಗ್ರಿಯ ಕಾರ್ಖಾನೆಗೆ ಹೋಗಿಬರುವ ಕೆಲಸಗಾರರಿಗೆ ಮಾತ್ರ ಮಾರುತ್ತೇವೆಂದು ಹೊಸ ಮಾಲೀಕರು ಸರ್ಕಾರದ ಒಪ್ಪಿಗೆ ಪಡೆದು ತಯಾರಿಕೆ ಮುಂದುವರಿಸಿದರು. ಯುದ್ಧ ಮುಗಿದ ಮೇಲೆ ಪತ್ರಿಕೆ ಹಂಚುವ ಹುಡುಗರ ಕನಸಿನಲ್ಲೆಲ್ಲ ವಿಜ಼ರ್. 1948ರಲ್ಲಿ ಕಂಪನಿ ಕಿಟ್ ಜತೆಗೆ ಪೂರ್ತಿ ಗಾಡಿಯನ್ನೂ ಮಾರತೊಡಗಿತು.

ಯುದ್ಧ ಅಮೆರಿಕಕ್ಕೆ ರೇಷನ್ ತಂದರೆ ಯುರೋಪಿಗೂ ಜಪಾನಿಗೂ ಬೂದಿ ತಂದಿತ್ತು. ಅಲ್ಲಿ ಎಂಜಿನ್ ಸೈಕಲ್ ಹುಡುಗಾಟವಾಗಿ ಉಳಿಯಲಿಲ್ಲ. ಫ್ರಾನ್ಸಿನಲ್ಲಿ ಕಾರ್ಬ್ಯುರೇಟರಿಗೆ ಹೆಸರಾದ ಸೋಲೆಕ್ಸ್ ಕಂಪನಿ 1946ರಲ್ಲಿ ಎಂಜಿನ್ನನ್ನು ಮತ್ತೆ ಮುಂದಿನ ಚಕ್ರದ ಮೇಲೆ, ವರ್ನರ್‌ಗಳು ಬಿಟ್ಟುಹೋದ ಜಾಗದಲ್ಲೇ, ತಂದು ಕೂರಿಸಿತು. ಎಂಜಿನ್ ಪುಟ್ಟದು, 45 ಸಿ.ಸಿ., ವೇಗ ಸೈಕಲ್ಲಿಗಿಂತ ಸ್ವಲ್ಪ ಹೆಚ್ಚು. ಹಾಗಾಗಿ ಹಳೇ ರೋಗ ಕಾಡಲಿಲ್ಲ. 1988ರವರೆಗೆ 70 ಲಕ್ಷಕ್ಕೂ ಹೆಚ್ಚು ಗಾಡಿಗಳು ಹೋದವು. ಇಟಲಿಯ ಬೊಲೋನ್ಯದಲ್ಲಿ ರೇಡಿಯೋ ಮಾಡುತ್ತಿದ್ದ ಡುಕಾಟಿ ಕಾರ್ಖಾನೆ 1944ರ ಬಾಂಬ್ ದಾಳಿಯಲ್ಲಿ ನೆಲಸಮವಾಗಿತ್ತು. ಅದು ಎದ್ದುನಿಂತದ್ದು 'ಕುಚೋಲೊ' ಎಂಬ 48 ಸಿ.ಸಿ. ಸೈಕಲ್ ಎಂಜಿನ್ ಮಾಡಿ. ಟೂರಿನ್‌ನ ಸಿಯಾಟಾ ಕಂಪನಿಯಲ್ಲಿ ರೂಪುಗೊಂಡ ಈ ಎಂಜಿನ್ನಿನ ಸದ್ದು ಬೊಗಳುವ ಮರಿನಾಯಿಯಂತಿದ್ದುದರಿಂದ ಆ ಹೆಸರು. ಇಂದು ಲಕ್ಷಗಟ್ಟಲೆ ಸುರಿದು ಡುಕಾಟಿ ಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಈ ನಾಯಿಮರಿಯ ನೆನಪಿದೆಯೋ.

ಜಪಾನಿನ ಹಮಾಮತ್ಸು ಊರಿನ ಕಥೆ ಇನ್ನೂ ರಸವತ್ತಾಗಿದೆ. ಸೇನೆಯ ವೈರ್‌ಲೆಸ್ ಸೆಟ್ಟುಗಳಿಗೆ ವಿದ್ಯುತ್ ಕೊಡಲು ಮಾಡಿದ್ದ ಪುಟ್ಟ ಎಂಜಿನ್ನುಗಳು ಯುದ್ಧದ ನಂತರ ಬೇಡವಾಗಿ ಬಿದ್ದಿದ್ದವು. 1946ರಲ್ಲಿ ಸೊಯಿಚಿರೊ ಹೋಂಡಾ ಸುಮಾರು 500ನ್ನು ಕೊಂಡುತಂದು ಸೈಕಲ್ಲಿಗೆ ಕಟ್ಟತೊಡಗಿದರು. ಮೊದಲ ಗಾಡಿಗೆ ಟ್ಯಾಂಕು ಸಿಗದೆ, ಚಳಿಗಾಲದಲ್ಲಿ ಕಾಲು ಬೆಚ್ಚಗಿಡುವ ಬಿಸಿನೀರಿನ ಡಬ್ಬವನ್ನೇ ಟ್ಯಾಂಕು ಮಾಡಿದರು. ಅವರೂ ಮುಂದಿನ ಚಕ್ರವನ್ನು ಉರುಳೆಯಿಂದ ಉಜ್ಜುವ ಉಪಾಯವನ್ನೇ ಮೊದಲು ಹಿಡಿದದ್ದು. ಟೈರು ಕಿತ್ತುಬಂತು. ಆಗ ಎಂಜಿನ್ನನ್ನು ಫ್ರೇಮಿನ ನಡುವೆ ತಂದು ಹಿಂದಿನ ಚಕ್ರಕ್ಕೆ ಬೆಲ್ಟು ಹಾಕಿದರು. ದೂರದ ಹಳ್ಳಿಗಳಿಗೆ ಸೈಕಲ್ ತುಳಿದುಕೊಂಡು ಅಕ್ಕಿ ಹುಡುಕಹೋಗುತ್ತಿದ್ದ ಹೆಂಡತಿ ಸಾಚಿ ಅವರ ಪಾಡು ಇದಕ್ಕೆಲ್ಲ ಪ್ರೇರಣೆ ಎನ್ನುತ್ತಾರೆ. ಜನನಿಬಿಡ ರಸ್ತೆಯಲ್ಲಿ ಗಾಡಿ ಓಡಿಸಿ ತೋರಿಸಲು ಹೋಂಡಾ ಆರಿಸಿದ್ದೂ ಅವರನ್ನೇ. ಇದ್ದುದರಲ್ಲೇ ಒಳ್ಳೆಯ ಉಡುಪು ಹಾಕಿಕೊಂಡು ಹೊರಟ ಸಾಚಿ, ತಿರುಗಿ ಬಂದಾಗ ಅದಕ್ಕೆಲ್ಲ ಎಣ್ಣೆ ಹಾರಿತ್ತು. ಗಂಡನಿಗೆ ಬೈಗುಳವಾಯಿತು, ಕಾರ್ಬ್ಯುರೇಟರಿನಿಂದ ಪೆಟ್ರೋಲು, ಎಣ್ಣೆ ಹಿಮ್ಮುಖ ಚಿಮ್ಮುವ ದೋಷವೂ ಗೊತ್ತಾಯಿತು.

1952ರಲ್ಲಿ ಕೆಂಪು ಎಂಜಿನ್, ಬಿಳಿ ಟ್ಯಾಂಕಿನ 'ಕಬ್' ಕಿಟ್ ಬಂದಾಗ ಹೋಂಡಾದ ವ್ಯಾಪಾರ ನೋಡಿಕೊಳ್ಳುತ್ತಿದ್ದ ತಾಕೆಯೊ ಫುಜಿಸಾವಾ ದೇಶದ 50,000ದಷ್ಟು ಸೈಕಲ್ ಅಂಗಡಿಗಳಿಗೆ ಪತ್ರ ಬರೆದರು. ನಿಮ್ಮ ಹಿರಿಯರು ಸೈಕಲ್ ಮಾರುವ ಧೈರ್ಯ ಮಾಡಿದ್ದರು, ನೀವು ಎಂಜಿನ್ ಮಾರುವ ಧೈರ್ಯ ಮಾಡಿ ಎಂಬ ಧಾಟಿಯಲ್ಲಿ. ಸಾವಿರಾರು ಅಂಗಡಿಗಳು ಒಪ್ಪಿದವು. ಹೋಂಡಾದ ಡೀಲರ್ ಜಾಲ ಹುಟ್ಟಿದ್ದು ಈ ಪತ್ರಗಳಿಂದ. ಅದೇ ವರ್ಷ ಮಗ್ಗದ ಯಂತ್ರ ಮಾಡುತ್ತಿದ್ದ ಸುಜುಕಿಯೂ 36 ಸಿ.ಸಿ.ಯ 'ಪವರ್ ಫ್ರೀ' ಎಂಬ ಸೈಕಲ್ ಎಂಜಿನ್ ಮೂಲಕವೇ ಈ ದಂಧೆಗಿಳಿಯಿತು.

ನಮ್ಮಲ್ಲಿ ಎಂಜಿನ್ ಬಂದದ್ದು ಕಿಟ್ಟಿನ ರೂಪದಲ್ಲಲ್ಲ, ಮೊಪೆಡ್ ರೂಪದಲ್ಲಿ. 1972ರಲ್ಲಿ ಪುಣೆಯ ಕೈನೆಟಿಕ್ ಕಂಪನಿ ಇಟಲಿಯ ಪಿಯಾಜಿಯೊ ಲೈಸೆನ್ಸಿನಲ್ಲಿ ಲೂನಾ ತಂದಿತು. 1980ರಲ್ಲಿ ಬೆಂಗಳೂರಿನ ಮಗ್ಗುಲಿನ ಹೊಸೂರಿನಿಂದ ಟಿವಿಎಸ್ 50 ಬಂತು. ಕೋಳಿ ಬುಟ್ಟಿ, ಹಾಲಿನ ಕ್ಯಾನು, ಹಿಂದೆ ಹೆಂಡತಿ, ಮುಂದೆ ಮಗು ಎಲ್ಲವನ್ನೂ ಹೊತ್ತ ಅವುಗಳನ್ನು ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದು ಚಾಲೂ ಮಾಡಿದವರು ಕರ್ನಾಟಕದ ಹಳ್ಳಿಗಳಲ್ಲಿ ಇನ್ನೂ ಬೇಕಾದಷ್ಟಿದ್ದಾರೆ. ಪೆಟ್ರೋಲ್ ಮುಗಿದರೆ ಅದೇ ಪೆಡಲ್ ತುಳಿದು ಊರು ಸೇರಬಹುದೆಂಬುದು ಧೈರ್ಯ. ಸೇರಿದವರಿಗೆ ಮಾತ್ರ ಅದರ ಕಷ್ಟ ಗೊತ್ತು.

ಈಗ ಗ್ಯಾರೇಜಿಗೆ ಬರೋಣ. ಹಳೇ ಚೆಹರೆಯ ಎಂಜಿನ್ ಸೈಕಲ್ ಕಟ್ಟುವ ಹವ್ಯಾಸ ಅಮೆರಿಕದಲ್ಲಿ ಹಬ್ಬಿದ್ದು ಈ ಶತಮಾನದ ಆರಂಭದಲ್ಲಿ, ಚೀನಾದ ಅಗ್ಗದ ಕಿಟ್‌ಗಳ ದೆಸೆಯಿಂದ. ಟೂ ಸ್ಟ್ರೋಕ್ ಎಂಜಿನ್, ಕ್ಲಚ್ಚು, ಕಡಲೆಕಾಯಿ ಆಕಾರದ ಟ್ಯಾಂಕು, ಕೇಬಲ್ಲು, ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಇದರ ವಿನ್ಯಾಸದಲ್ಲಿ ಸೋವಿಯತ್ ಒಕ್ಕೂಟದ ಡಿ ಸರಣಿಯ ಸೈಕಲ್ ಎಂಜಿನ್ನಿನ ಹೋಲಿಕೆ ಢಾಳಾಗಿ ಕಾಣುತ್ತದೆ. ಪೆಟ್ಟಿಗೆಯ ಮೇಲೆ 80 ಸಿ.ಸಿ. ಎಂದು ಬರೆದಿದ್ದರೂ ಅಳೆದರೆ ಸಿಗುವುದು 66 ಮಾತ್ರ. ಕಟ್ಟುವವರ ನಡುವೆ ಇದೊಂದು ಹಳೇ ನಗೆಚಟಾಕಿ. ಹಿಂದಿನ ಚಕ್ರದ ಹಲ್ಲುಗಾಲಿಯನ್ನು ಕಡ್ಡಿಗಳ ಎರಡೂ ಬದಿಗೆ ರಬ್ಬರ್ ಬಿಲ್ಲೆ ಕೊಟ್ಟು ಒಂಬತ್ತು ಬೋಲ್ಟುಗಳಿಂದ ಹಿಂಡುತ್ತಾರೆ. ಒಂದು ಬೋಲ್ಟು ಹೆಚ್ಚು ಬಿಗಿದರೆ ಹಲ್ಲುಗಾಲಿ ಓರೆಯಾಗಿ ತಿರುಗಿ ಚೈನು ಬೀಳುತ್ತದೆ, ಕಡ್ಡಿಗಳು ಒಂದೊಂದಾಗಿ ಮುರಿಯುತ್ತವೆ. ಪಳಗಿದವರು ಈ ರಬ್ಬರನ್ನು ಮೊದಲು ಎಸೆದು, ಲೇತಿನಲ್ಲಿ ಕಡೆಸಿದ ಅಲ್ಯೂಮಿನಿಯಂ ತುಂಡೊಂದನ್ನು ಹಬ್ಬಿಗೇ ನೇರ ಕಚ್ಚಿಸುತ್ತಾರೆ.

ನಿಜವಾದ ಕಸುಬು ಫ್ರೇಮಿನಲ್ಲಿದೆ. ಅಂಗಡಿಯ ಸೈಕಲ್ಲಿಗೆ ಕಿಟ್ ಕಟ್ಟಿದರೆ ಅದು ಕಿಟ್ ಕಟ್ಟಿದ ಸೈಕಲ್ಲಿನ ಹಾಗೆಯೇ ಕಾಣುತ್ತದೆ. 1912ರ ಗಾಡಿಯಂತೆ ಕಾಣಲು ಹಿಂದಿನ ಚಕ್ರ ಇನ್ನಷ್ಟು ಹಿಂದೆ ಹೋಗಬೇಕು, ಸೀಟು ತಗ್ಗಬೇಕು, ಮೇಲಿನ ಪೈಪು ಎರಡಾಗಿ ನಡುವೆ ಟ್ಯಾಂಕು ಕೂರಬೇಕು. ಹಾಗೆಂದು ಪೈಪು ಬಾಗಿಸಿ ಹೊಸ ಫ್ರೇಮನ್ನೇ ಬೆಸೆಯುತ್ತಾರೆ, ಮುಂದಕ್ಕೆ ಸ್ಪ್ರಿಂಗಿನ ಫೋರ್ಕ್ ಹಾಕುತ್ತಾರೆ, ತಾಮ್ರದ ತಗಡು ಮಡಿಚಿ ಟ್ಯಾಂಕು ಮಾಡುತ್ತಾರೆ. ಹುಲ್ಲು ಕತ್ತರಿಸುವ ಯಂತ್ರದ ಜಾತಿಯ ಫೋರ್ ಸ್ಟ್ರೋಕ್ ಎಂಜಿನ್ನು ತಂದು, ಅದರ ಪ್ಲಾಸ್ಟಿಕ್ ಹೊದಿಕೆ ಕಿತ್ತು, ರೆಕ್ಕೆಗಳು ಕಾಣುವಂತೆ ಮಾಡುತ್ತಾರೆ. ಚೆಹರೆಯಲ್ಲಿ ಇಷ್ಟು ಮಡಿವಂತಿಕೆ ತೋರುವವರು ಬ್ರೇಕಿನ ವಿಷಯದಲ್ಲಿ ಸಂಪ್ರದಾಯ ಮುರಿಯುತ್ತಾರೆ. ಒಳ್ಳೆಯ ಗಾಡಿಗಳಲ್ಲಿ ಡಿಸ್ಕು ಇಲ್ಲವೇ ಡ್ರಮ್ ಬ್ರೇಕು ಇದ್ದೇ ಇರುತ್ತದೆ, ಹಳೇ ಚಿತ್ರದಲ್ಲಿ ಇಲ್ಲದಿದ್ದರೂ. ಅದೊಂದು ಸುಳ್ಳು ಎಲ್ಲರೂ ಒಪ್ಪಿಕೊಂಡ ಸುಳ್ಳು.

ದೊಡ್ಡವರಿಗೂ ಈ ಗೀಳು ಹತ್ತಿದೆ. ರಾಯಲ್ ಎನ್‌ಫೀಲ್ಡ್ ತನ್ನ 120 ವರ್ಷದ ನೆನಪಿಗೆ 1901ರ ಆ ಅಡ್ಡಬೆಲ್ಟಿನ ಗಾಡಿಯನ್ನು ಮತ್ತೆ ಕಟ್ಟಿಸಿತು. ಮೂಲ ಗಾಡಿ ಒಂದೂ ಉಳಿದಿಲ್ಲ, ನಕ್ಷೆಯೂ ಇಲ್ಲ. ಕೈಯಲ್ಲಿದ್ದದ್ದು ಅಂದಿನ ಕೆಲವು ಫೋಟೊ, ಜಾಹೀರಾತು, ಪತ್ರಿಕೆಯ ಚಿತ್ರಗಳು ಮಾತ್ರ. ಅವನ್ನೇ ಅಳೆದು ಸುರಿದು ಭಾರತ ಮತ್ತು ಇಂಗ್ಲೆಂಡಿನ ಕುಶಲಕರ್ಮಿಗಳು ಹಿತ್ತಾಳೆ ಟ್ಯಾಂಕನ್ನು ಕೈಯಿಂದ ಮಡಿಚಿದರು, 172 ಸಿ.ಸಿ. ಎಂಜಿನ್ನನ್ನು ಹೊಸದಾಗಿ ಮಾಡಿದರು, ಗಾಡಿಯನ್ನು ಓಡಿಸಿಯೂ ತೋರಿಸಿದರು. ಎಂಜಿನ್ ಎಲ್ಲಿ? ಹ್ಯಾಂಡಲ್ ಮುಂದೆಯೇ, ಎಲ್ಲರೂ ತಪ್ಪೆಂದು ಬಿಟ್ಟುಬಿಟ್ಟ ಜಾಗದಲ್ಲೇ.

ನಮ್ಮಲ್ಲಿ ಇಂಥದ್ದೊಂದನ್ನು ಕಟ್ಟಿ ರಸ್ತೆಗಿಳಿಸುವುದು ಸುಲಭವಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಎಂಜಿನ್ 25 ಸಿ.ಸಿ. ದಾಟದ ಎರಡು, ಮೂರು ಚಕ್ರದ ಗಾಡಿಗಳನ್ನು ಮಾತ್ರ ಮೋಟಾರು ವಾಹನದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಮೊದಲು 35 ಇದ್ದ ಈ ಮಿತಿಯನ್ನು 1994ರಲ್ಲಿ ಇಳಿಸಿದರು. 66 ಸಿ.ಸಿ. ಕಿಟ್ ಕಟ್ಟಿದ ಸೈಕಲ್ಲು ಕಾನೂನಿನ ಕಣ್ಣಿಗೆ ಪೂರಾ ಮೋಟಾರು ವಾಹನ. ನಂಬರ್ ಪ್ಲೇಟು, ವಿಮೆ, ಲೈಸೆನ್ಸು, ಮಾದರಿಗೆ ಸರ್ಕಾರಿ ಒಪ್ಪಿಗೆ ಎಲ್ಲ ಬೇಕು, ಮನೆಯಂಗಳದಲ್ಲಿ ಬೆಸೆದ ಫ್ರೇಮಿಗೆ ಅವು ಸಿಗುವುದು ದೂರದ ಮಾತು. ಬ್ಯಾಟರಿ ಗಾಡಿಗೆ ಮಾತ್ರ ಬೇರೆ ದಾರಿಯಿದೆ: ಮೋಟಾರು 250 ವಾಟ್ ಒಳಗಿದ್ದು, ವೇಗ ಗಂಟೆಗೆ 25 ಕಿ.ಮೀ. ಮೀರದಿದ್ದರೆ ನಿಯಮಗಳು ಅದನ್ನು ಸೈಕಲ್ಲಿನ ಸಾಲಿಗೇ ಬಿಡುತ್ತವೆ. ಹಾಗಾಗಿ ಹಳೇ ರೂಪದ ಸೈಕಲ್ಲಿನ ಆಸೆಯಿರುವವರು ಹಬ್ ಮೋಟಾರಿನ ಕಡೆ ವಾಲುವುದು ಸಹಜ. ಮೋಟಾರನ್ನು ಹಿಂದಿನ ಚಕ್ರದ ಗುಂಬದಲ್ಲೇ ಅಡಗಿಸಬಹುದು, ಬ್ಯಾಟರಿಯನ್ನು ಮೇಲಿನ ಪೈಪುಗಳ ನಡುವೆ ತಗಡಿನ ಟ್ಯಾಂಕಿನೊಳಗೆ ತುಂಬಬಹುದು. ಚಕ್ರದೊಳಗೆ ಎಂಜಿನ್ ಇಡುವ ಆಲೋಚನೆಯೂ ಹಳೆಯದೇ: 1950ರಲ್ಲಿ ಇಂಗ್ಲೆಂಡಿನ 'ಸೈಕಲ್‌ಮಾಸ್ಟರ್' ಎಂಜಿನ್, ಟ್ಯಾಂಕು ಸಮೇತ ಇಡೀ ಹಿಂದಿನ ಚಕ್ರವನ್ನೇ ಮಾರುತ್ತಿತ್ತು. ಮೊದಲ ಮಾದರಿಯ ಎಂಜಿನ್ 25.7 ಸಿ.ಸಿ. ನಮ್ಮ ಇಂದಿನ ಮಿತಿಗಿಂತ ಮುಕ್ಕಾಲು ಸಿ.ಸಿ.ಯಷ್ಟು ಹೆಚ್ಚು.